ಅರ್ಧಕ್ಕಿಳಿದ ಅಂಕಿ

ನನ್ನ ಔಷಧಿ ಅಂಗಡಿಗೆ ಬರುವವರೆಲ್ಲ ನನ್ನನ್ನು ‘ಅರ್ಧ ಡಾಕ್ಟರು’ ಅನ್ನುತ್ತಿದ್ದರು. ಮೊದಲು ತಮಾಷೆಗೆ ಅಂದರು, ಆಮೇಲೆ ಅದೇ ಹೆಸರಾಗಿ ನಿಂತಿತು. ಸುಳ್ಳೇಕೆ ಹೇಳಲಿ, ಕೇಳಿದಾಗಲೆಲ್ಲ ಒಳಗೊಳಗೇ ಉಬ್ಬುತ್ತಿದ್ದೆ. ಇಪ್ಪತ್ತಾರು ವರ್ಷ ಕೌಂಟರಿನ ಹಿಂದೆ ನಿಂತು ಕಾಗೆಕಾಲು ಗುಬ್ಬಿಕಾಲಿನ ಚೀಟಿಗಳನ್ನು ಓದಿದವನು ನಾನು. ಯಾವ ರೋಗಕ್ಕೆ ಯಾವ ಮಾತ್ರೆ ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟಕ್ಕೆಲ್ಲ ಆಸ್ಪತ್ರೆಗೆ ಹೋಗಿ ದಿನವಿಡೀ ಕಾಯಬೇಕೇ ಎಂದು ಜನ ಕೇಳುತ್ತಿದ್ದರು. ಏನೂ ಬೇಡ ಎಂದು ನಾನು ಕತ್ತರಿ ತೆಗೆದು ಹತ್ತು ಮಾತ್ರೆ ಕತ್ತರಿಸಿ ಕೊಡುತ್ತಿದ್ದೆ.

ಭಾವನಿಗೂ ಹಾಗೆಯೇ ಕೊಟ್ಟೆ. ಭಾವ ಅಂದರೆ ನನ್ನ ಅಕ್ಕನ ಗಂಡ, ಸಿಟಿ ಬಸ್ಸಿನ ಡ್ರೈವರು. ಅವರಿಗೆ ಮಕ್ಕಳಿಲ್ಲ; ಅಕ್ಕನಿಗೆ ತವರು ಅಂತ ಉಳಿದವನು ನಾನೊಬ್ಬನೇ. ಐವತ್ತೆರಡಕ್ಕೇ ಭಾವನಿಗೆ ಒಂದು ಪೀಕಲಾಟ ಶುರುವಾಯಿತು. ಬಸ್ಸು ಓಡಿಸುವಾಗ ಮೂತ್ರ ತಡೆಯಲು ಆಗುತ್ತಿರಲಿಲ್ಲ. ಕೊನೆಯ ಸ್ಟಾಪಿನಲ್ಲಿ ಇಳಿದು ಓಡಿದರೆ ಸಲೀಸಾಗಿ ಬರುತ್ತಲೂ ಇರಲಿಲ್ಲ. ಹೋದವರು ಹತ್ತು ನಿಮಿಷವಾದರೂ ಬಾರದೆ, ಪ್ರಯಾಣಿಕರು ಕಂಡಕ್ಟರನ ಮೇಲೆ ಹರಿಹಾಯುತ್ತಿದ್ದರು. ಡಿಪೋದ ಡಾಕ್ಟರು ಪಿಎಸ್‌ಎ ಎಂಬ ರಕ್ತ ಪರೀಕ್ಷೆ ಮಾಡಿಸಿದರು. ಗಂಡಸರಿಗೆ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಅನ್ನುವ ಗ್ರಂಥಿ ಇರುತ್ತದೆ. ಅದು ಸುಮ್ಮನೆ ಊದಿಕೊಂಡರೂ, ಅದರಲ್ಲಿ ಕ್ಯಾನ್ಸರ್ ಹುಟ್ಟಿದರೂ ರಕ್ತದಲ್ಲಿ ಈ ಅಂಕಿ ಏರುತ್ತದೆ. ನಾಲ್ಕರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ ಅನ್ನುತ್ತಾರೆ. ಭಾವನದು ನಾಲ್ಕು ಪಾಯಿಂಟ್ ಆರು ಬಂದಿತ್ತು. ದೊಡ್ಡಾಸ್ಪತ್ರೆಯಲ್ಲಿ ತೋರಿಸಿ ಎಂದು ಡಿಪೋದ ಡಾಕ್ಟರು ಚೀಟಿ ಬರೆದರು. ಭಾವ ಆ ಚೀಟಿಯನ್ನು ತಂದು ನನ್ನ ಕೌಂಟರಿನ ಮೇಲಿಟ್ಟರು.

ಹೋಗಿ ಬನ್ನಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅದೇ ವಾರ ಔಷಧಿ ಕಂಪನಿಯ ರೆಪ್ ಒಬ್ಬ ಬಂದು, ಗ್ರಂಥಿಯನ್ನು ಕುಗ್ಗಿಸುವ ಮಾತ್ರೆಯೊಂದರ ಬಗ್ಗೆ ಅರ್ಧ ಗಂಟೆ ಕೊರೆದು ಹೋಗಿದ್ದ. ದಿನಕ್ಕೊಂದು ನುಂಗಿದರೆ ವರ್ಷದೊಳಗೆ ಪಿಎಸ್‌ಎ ಕೂಡ ಅರ್ಧಕ್ಕೆ ಇಳಿಯುತ್ತದೆ ಎಂದಿದ್ದ. ಸೋಪು ಮಾರುವವನು ಕೊಳೆ ಹೋಗುತ್ತದೆ ಅಂದ ಹಾಗೆ ಅದು ನನ್ನ ಕಿವಿಗೆ ಬಿತ್ತು. ಅಂಕಿ ಇಳಿದರೆ ರೋಗವೂ ಇಳಿಯಿತು ಎಂದು ತಿಳಿದುಕೊಂಡೆ. ನಮ್ಮ ಕಸುಬಿನಲ್ಲಿ ಕಲಿಯುವುದು ಹೀಗೆಯೇ. ಪುಸ್ತಕ ಮುಚ್ಚಿ ಎಷ್ಟೋ ಕಾಲವಾಗಿರುತ್ತದೆ, ಬ್ಯಾಗು ಹಿಡಿದು ಬಂದವನು ಹೇಳಿದ್ದೇ ಪಾಠ. ಭಾವನ ಚೀಟಿಯನ್ನು ಮಡಚಿ ಡ್ರಾಯರಿಗೆ ಹಾಕಿ, ಆಸ್ಪತ್ರೆ ಗೀಸ್ಪತ್ರೆ ಏನೂ ಬೇಡ, ಇದನ್ನು ನುಂಗಿ ಅಂದೆ.

ವರ್ಷ ಕಳೆದು ಪರೀಕ್ಷೆ ಮಾಡಿಸಿದರೆ ಎರಡು ಪಾಯಿಂಟ್ ಎರಡು. ಅಕ್ಕ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ಮೂತ್ರದ ತೊಂದರೆಯೂ ಎಷ್ಟೋ ಕಡಿಮೆಯಾಗಿತ್ತು. ನಾನಂತೂ ನೆಲದ ಮೇಲೆ ನಿಲ್ಲಲಿಲ್ಲ. ಮರುವರ್ಷ ಎರಡು ಪಾಯಿಂಟ್ ಏಳು, ಅದರ ಮರುವರ್ಷ ಮೂರು ಪಾಯಿಂಟ್ ಮೂರು, ಆಮೇಲೆ ಮೂರು ಪಾಯಿಂಟ್ ಒಂಬತ್ತು. ಪ್ರತಿ ಸಲವೂ ನಾನೇ ವರದಿ ನೋಡಿ, ನಾಲ್ಕರೊಳಗಿದೆ ಬಿಡಿ ಅಂದೆ. ಏರುತ್ತಾ ಇದೆಯಲ್ಲಯ್ಯ ಎಂದು ಭಾವ ಒಮ್ಮೆ ಕೇಳಿದ್ದುಂಟು. ವಯಸ್ಸೇ ಏರುವಾಗ ಅದೊಂದು ಏರಬಾರದೇ ಎಂದು ಅವರ ಬಾಯಿ ಮುಚ್ಚಿಸಿದೆ. ಐದನೆಯ ವರ್ಷ ಅವರಿಗೆ ರಜೆ ಸಿಗಲಿಲ್ಲ. ಒಂದು ಪರೀಕ್ಷೆ ತಪ್ಪಿದರೆ ಏನೂ ಮುಳುಗಿಹೋಗುವುದಿಲ್ಲ ಅಂದವನೂ ನಾನೇ.

ಆರನೆಯ ವರ್ಷ ಸೊಂಟನೋವು ಬಂತು. ಬಸ್ಸಿನ ಸೀಟಿನ ಮೇಲೆ ತಪ್ಪು ಹೊರಿಸಿ ಮುಲಾಮು ಕೊಟ್ಟೆ. ಎರಡು ತಿಂಗಳು ಅಕ್ಕ ಉಜ್ಜಿದ್ದೇ ಉಜ್ಜಿದ್ದು. ಒಂದು ಬೆಳಿಗ್ಗೆ ಭಾವ ಸೀಟಿನಿಂದ ಏಳಲಾರದೆ ಸ್ಟೇರಿಂಗು ಹಿಡಿದುಕೊಂಡೇ ಕೂತುಬಿಟ್ಟರಂತೆ. ಕಂಡಕ್ಟರು ಆಸ್ಪತ್ರೆಗೆ ಸೇರಿಸಿದ. ಪಿಎಸ್‌ಎ ನಲವತ್ತಾರು. ಸ್ಕ್ಯಾನು, ಬಯಾಪ್ಸಿ ಎಲ್ಲ ಮುಗಿದ ಮೇಲೆ ಗೊತ್ತಾಯಿತು, ಪ್ರಾಸ್ಟೇಟಿನಲ್ಲಿ ಹುಟ್ಟಿದ ಕ್ಯಾನ್ಸರು ಬೆನ್ನುಮೂಳೆಗೆ ಹರಡಿತ್ತು.

ಅಲ್ಲಿನ ಕ್ಯಾನ್ಸರ್ ಡಾಕ್ಟರು ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ಹಳೆಯ ವರದಿಗಳನ್ನೆಲ್ಲ ತರಿಸಿಕೊಂಡರು. ಒಂದು ದಿನದ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ, ಅದು ಹೇಗೆ ಬದಲಾಗುತ್ತ ಬಂತು ಅನ್ನುವುದನ್ನು ನೋಡಬೇಕು ಅಂದರು. ಭಾವನ ತೂಕ ನೋಡಿಸಲು ಅಕ್ಕ ಹೊರಗೆ ಕರೆದುಕೊಂಡು ಹೋಗಿದ್ದಳು, ಒಳಗೆ ನಾನೊಬ್ಬನೇ ಇದ್ದೆ. ಡಾಕ್ಟರು ಕಾಗದದ ಮೇಲೆ ವರ್ಷಕ್ಕೊಂದರಂತೆ ಚುಕ್ಕೆಯಿಟ್ಟು ಗೆರೆ ಎಳೆಯತೊಡಗಿದರು. ಮೊದಲೆರಡು ಚುಕ್ಕೆಗಳ ನಡುವೆ ಪೆನ್ಸಿಲು ನಿಂತಿತು.

“ಇದು ತಾನಾಗಿ ಅರ್ಧ ಆಗಲ್ಲ. ಗ್ರಂಥಿ ಕುಗ್ಗಿಸೋ ಮಾತ್ರೆ ಏನಾದ್ರೂ ತಗೋತಿದ್ರಾ?”

ಹೌದು ಅಂದೆ. ಆ ಮಾತ್ರೆ ಅಂಕಿಯನ್ನು ಅರ್ಧ ಮಾಡುತ್ತದೆಯೇ ಹೊರತು ಕ್ಯಾನ್ಸರನ್ನಲ್ಲ ಎಂದು ಅವರು ವಿವರಿಸಿದರು. ಅದನ್ನು ನುಂಗುವವರ ಅಂಕಿಯನ್ನು ಎರಡರಿಂದ ಗುಣಿಸಿ ಓದಬೇಕಂತೆ. ಮೂರು ಪಾಯಿಂಟ್ ಒಂಬತ್ತು ಅಂದರೆ ಹೆಚ್ಚುಕಡಿಮೆ ಎಂಟು. ಕೆಳಗಿಳಿದದ್ದು ಮತ್ತೆ ತುಸು ಮೇಲೇರಿದಾಗಲೇ ಓಡಿಬರಬೇಕಿತ್ತು, ಆಗ ರೋಗ ಗ್ರಂಥಿಯೊಳಗೇ ಇರುವಾಗ ಸಿಕ್ಕಿಬೀಳುತ್ತಿತ್ತೇನೋ ಅಂದರು. ಆಮೇಲೆ, ಮಾತ್ರೆ ಬರೆದುಕೊಟ್ಟವರು ಯಾರು ಎಂದು ಕೇಳಿದರು. ಯಾರೋ ಹಿಂದಿನ ಡಾಕ್ಟರು ಅಂದುಬಿಟ್ಟೆ. ಅಷ್ಟರಲ್ಲಿ ಅಕ್ಕ, ಭಾವ ಒಳಗೆ ಬಂದರು. ನಾನೆದ್ದು ಭಾವನಿಗೆ ಕುರ್ಚಿ ಬಿಟ್ಟುಕೊಟ್ಟೆ.

ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಹಳೆಯ ಮಾತ್ರೆಗಳೆಲ್ಲ ಬಂದ್, ಮೂರು ತಿಂಗಳಿಗೊಂದು ಇಂಜೆಕ್ಷನ್. ರೋಗ ಪೂರ್ತಿ ಹೋಗುವುದಿಲ್ಲ, ಎಷ್ಟು ದಿನ ಹದ್ದುಬಸ್ತಿನಲ್ಲಿರುತ್ತದೆ ಅನ್ನುವುದಷ್ಟೇ ಪ್ರಶ್ನೆ. ಏಳನೆಯ ತಿಂಗಳ ಪಿಎಸ್‌ಎ ಅದನ್ನು ಹೆಚ್ಚುಕಡಿಮೆ ಹೇಳಿಬಿಡುತ್ತದೆ. ಸೊನ್ನೆಯ ಹತ್ತಿರ ಇಳಿದರೆ ಐದಾರು ವರ್ಷ ಎಂದು ಆಸೆ ಇಟ್ಟುಕೊಳ್ಳಬಹುದು. ನಾಲ್ಕಕ್ಕಿಂತ ಕೆಳಗೆ ಇಳಿಯದಿದ್ದರೆ ಒಂದು ವರ್ಷ, ಹೆಚ್ಚೆಂದರೆ ಅದರ ಮೇಲೆ ಒಂದೆರಡು ತಿಂಗಳು. ಭಾವ ಎಲ್ಲವನ್ನೂ ಕೇಳಿ, ಬಸ್ಸು ಯಾವಾಗಿಂದ ಓಡಿಸಬಹುದು ಎಂದರು.

ಆ ಏಳು ತಿಂಗಳು ನಾನು ಮನುಷ್ಯನಾಗಿ ಬದುಕಲಿಲ್ಲ. ಆ ರೆಪ್‌ನನ್ನು ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಅವನು ಹೇಳಿದ್ದು ನಿಜವೇ ಆಗಿತ್ತು. ಚೀಟಿಯಿಲ್ಲದೆ ಬಂದವರ ಮೇಲೆ ಎಗರಾಡತೊಡಗಿದೆ, ಅರ್ಧ ಗಿರಾಕಿಗಳು ಪಕ್ಕದ ಬೀದಿಯ ಅಂಗಡಿಗೆ ಹೋದರು. ಭಾವನಿಗೆ ಹೇಳಿಬಿಡಬೇಕೆಂದು ನಾಲ್ಕು ಸಲ ಹೋಗಿದ್ದೆ. ಅಕ್ಕ ತಟ್ಟೆ ಮುಂದಿಟ್ಟು, ಇವರ ಚಿಂತೆಯಲ್ಲಿ ನೀನೇ ಸೊರಗಿಹೋದೆ ಕಣೋ ಅಂದಾಗಲೆಲ್ಲ ಉಂಡು ಎದ್ದು ಬಂದುಬಿಟ್ಟೆ. ಅಂಕಿ ಸೊನ್ನೆಗೆ ಇಳಿದರೆ ಹೇಳುವ ಅಗತ್ಯವೇ ಇಲ್ಲ ಎಂದೂ ಯೋಚಿಸಿದ್ದೆ. ಅಷ್ಟು ನೀಚ ನಾನು.

ಮೂರನೆಯ ತಿಂಗಳು ಹದಿನೆಂಟು ಬಂತು, ಐದನೆಯದಕ್ಕೆ ಒಂಬತ್ತು. ಏಳನೆಯ ತಿಂಗಳು ಲ್ಯಾಬಿನವನು ಗುರುತಿನವನಾದ್ದರಿಂದ ನನಗೇ ಮೊದಲು ಫೋನ್ ಮಾಡಿದ. ಆರು ಪಾಯಿಂಟ್ ಎಂಟು. ನಾಲ್ಕು ಮಂದಿ ಕೌಂಟರಿನ ಮುಂದೆ ನಿಂತಿದ್ದರೂ ಶಟರು ಎಳೆದು ಹೊರಟೆ.

ಭಾವ ಕಿಟಕಿಯ ಪಕ್ಕ ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡು ಕೂತಿದ್ದರು. ಅಕ್ಕ ಹಿಂದುಗಡೆ ಬಟ್ಟೆ ಒಗೆಯುತ್ತಿದ್ದಳು. ಅಂಕಿ ಹೇಳಿದೆ. ಹಾಗಾದರೆ ಒಂದೇ ವರ್ಷ ಅಂದರು ಭಾವ, ಅಷ್ಟೇ. ಆಗ ನಾನು ತಡೆಯಲಾರದೆ ಒಂದೇ ಉಸಿರಿಗೆ ಎಲ್ಲವನ್ನೂ ಕಕ್ಕಿಬಿಟ್ಟೆ. ಡ್ರಾಯರಿಗೆ ಹಾಕಿದ ಚೀಟಿ, ಎರಡರಿಂದ ಗುಣಿಸದೆ ಬಿಟ್ಟ ಅಂಕಿ, ಡಾಕ್ಟರ ಮುಂದೆ ಹೇಳಿದ ಸುಳ್ಳು. ಅವರ ಕೈ ಹಿಡಿಯಲು ಹೋದರೆ ಕೈ ಎಳೆದುಕೊಂಡರು. ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

“ನಿಮ್ಮಕ್ಕನಿಗೆ ಗೊತ್ತಾ?”

ಇಲ್ಲ, ಈಗಲೇ ಹೇಳುತ್ತೇನೆ ಎಂದು ಎದ್ದೆ.

“ಕೂತ್ಕೋ. ಹೇಳಬೇಡ. ನಾನು ಹೋದ್ಮೇಲೆ ಅವಳಿಗೆ ಅಂತ ಇರೋನು ನೀನೊಬ್ನೇ. ನಿನ್ನ ಮುಖ ಕಂಡ್ರೂ ಆಗಲ್ಲ ಅನ್ನೋ ಹಾಗಾದ್ರೆ ಅವಳು ಯಾರ ಹತ್ರ ಹೋಗ್ಬೇಕು?”

ಹೇಳದೆ ನಾನು ಹೇಗೆ ಬದುಕಲಿ ಭಾವ ಎಂದು ಮಗುವಿನ ಹಾಗೆ ಅತ್ತೆ. ನನ್ನ ಅಳು ಅವರಿಗೆ ಹಿಡಿಸಲಿಲ್ಲ.

“ಅದು ನಿನ್ನ ಪಾಡು. ನಾನು ಕ್ಷಮಿಸಿದೀನಿ ಅಂತ ಮಾತ್ರ ಅಂದ್ಕೋಬೇಡ.”

ಅಕ್ಕ ಒದ್ದೆ ಕೈಯಲ್ಲೇ ಒಳಗೆ ಬಂದಳು. ನನ್ನ ಮುಖ ನೋಡಿದವಳೇ ಅಂಕಿ ಎಷ್ಟೆಂದು ಕೇಳಿದಳು. ಹೇಳಿದೆ. ಅವಳು ಗೋಡೆ ಹಿಡಿದುಕೊಂಡು ಮೆಲ್ಲಗೆ ನನ್ನ ಪಕ್ಕದಲ್ಲಿ ಕುಸಿದಳು, ನನ್ನ ಭುಜಕ್ಕೆ ಹಣೆಯಿಟ್ಟು ಬಿಕ್ಕಿದಳು. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಭಾವನ ಕಡೆ ತಿರುಗಿದಳು.

“ಇವನು ಇಲ್ದೇ ಇದ್ದಿದ್ರೆ ನೀವು ಇಷ್ಟು ವರ್ಷನೂ ನನಗೆ ಸಿಕ್ತಿರ್ಲಿಲ್ಲ, ಅಲ್ವಾ?”

ಭಾವ ನನ್ನನ್ನೇ ನೋಡುತ್ತ ಹೌದು ಅಂದರು.