ಅಸ್ತರಿನಲ್ಲೊಂದು ಮಡಿಕೆ

ಅಕ್ಕ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಪುಟ್ಟಿ ಒಂದು ದಿನವೂ ಅಂಗಡಿ ಮುಚ್ಚಿರಲಿಲ್ಲ. ಐವತ್ತೆರಡು ದಾಟಿದ ಹೆಂಗಸನ್ನು ಬೀದಿಗೆ ಬೀದಿಯೇ ಪುಟ್ಟಿ ಎಂದು ಕರೆಯುತ್ತಿತ್ತು. ಅಕ್ಕ ಕೂಗುವುದನ್ನು ಕೇಳಿ ಕೇಳಿ ಎಲ್ಲರ ಬಾಯಿಗೂ ಅದೇ ಹತ್ತಿತ್ತು. ಒಂಬತ್ತಕ್ಕೆ ಬಾಗಿಲು ತೆಗೆಯುವುದು, ಮೆಷಿನ್ನಿಗೆ ಎರಡು ಹನಿ ಎಣ್ಣೆ ಬಿಡುವುದು, ಕೆಟ್ಟ ಜಿಪ್ಪು, ಬಿಚ್ಚಿದ ಅಂಚು ಎಂದು ಬಂದ ಸಣ್ಣಪುಟ್ಟ ಕೆಲಸ ಮುಗಿಸುವುದು, ಆರಕ್ಕೆ ಬೀಗ ಹಾಕುವುದು. ನೋಡಿದವರು ಗಟ್ಟಿ ಜೀವ ಎಂದರು. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ, ಪುಟ್ಟಿಗೆ ಮೈಯೆಲ್ಲ ಹಾಗಿತ್ತು. ಕೈ ಆಡುತ್ತಿತ್ತು, ಬಾಯಿ ಮಾತಾಡುತ್ತಿತ್ತು, ಅಷ್ಟೇ.

ಅಕ್ಕತಂಗಿಯರಿಬ್ಬರೂ ಇಪ್ಪತ್ಮೂರು ವರ್ಷ ಕೌದಿ ಮಾಡಿದವರು. ತುಂಡು ಕತ್ತರಿಸಿ ಮೇಲ್ಬಟ್ಟೆ ಜೋಡಿಸುವುದು ಅಕ್ಕನ ಪಾಲು. ಆಮೇಲೆ ಅವಳು ಹಿಂದಿನ ಕೋಣೆಯ ನೆಲದ ಮೇಲೆ ಅಸ್ತರು ಹಾಸಿ, ಅದರ ಮೇಲೆ ಹತ್ತಿ ಹರಡಿ, ಅದರ ಮೇಲೆ ಮೇಲ್ಬಟ್ಟೆ ಎಳೆದು, ಮೂರೂ ಅಲುಗಾಡದಂತೆ ಅಂಗೈಯಗಲಕ್ಕೊಂದರಂತೆ ಪಿನ್ನು ಚುಚ್ಚುತ್ತಿದ್ದಳು. ಅಲ್ಲಿಂದ ಮುಂದಿನದು ಪುಟ್ಟಿಯದು. ಬಟ್ಟೆಯನ್ನು ಮುಂದಕ್ಕೆಳೆಯುವ ಮೆಷಿನ್ನಿನ ಹಲ್ಲುಗಳನ್ನು ಕೆಳಗಿಳಿಸಿಬಿಟ್ಟರೆ ಸೂಜಿ ನಿಂತಲ್ಲೇ ಏರಿಳಿಯುತ್ತದೆ; ಬಟ್ಟೆ ಎತ್ತ ಸರಿದರೆ ಅತ್ತ ಗೀಟು. ನಿಂತ ಪೆನ್ಸಿಲಿನ ಕೆಳಗೆ ಕಾಗದ ಆಡಿಸಿದಂತೆ ಅವಳು ಎರಡೂ ಕೈಯಲ್ಲಿ ಕೌದಿಯನ್ನು ಆಡಿಸುತ್ತ ದಾರದಲ್ಲೇ ಚಿತ್ರ ಬರೆಯುತ್ತಿದ್ದಳು. ಕಾಲು ಬೇಗ, ಕೈ ನಿಧಾನ. ಕೈ ಅವಸರ ಮಾಡಿತೋ, ಸೂಜಿ ಪಟ್ಟೆಂದು ಮುರಿಯಿತು.

ಅಕ್ಕ ಕೊನೆಯದಾಗಿ ಪಿನ್ನು ಹಾಕಿಟ್ಟ ಕೌದಿ ಕಪಾಟಿನಲ್ಲಿ ಸುರುಳಿಯಾಗಿಯೇ ಇತ್ತು. ಅದನ್ನು ಮಾಡಿಕೊಡಲು ಹೇಳಿದ್ದವನು ನದಿ ದಾಟಿಸುತ್ತಿದ್ದ ಮುದುಕ ಅಂಬಿಗ. ಅವನ ಕಟ್ಟೆಯ ಮೆಟ್ಟಿಲ ಮೇಲೆ ದಿನಾ ಬೆಳಿಗ್ಗೆ ನಿಲ್ಲುತ್ತಿದ್ದ ಬೂದು ಕೊಕ್ಕರೆಯೊಂದು ಅವನಿಗೆ ಹೊದಿಕೆಯ ಮೇಲೆ ಬೇಕಿತ್ತು. ಒಂದು ದಿನ ಅವನೇ ಕೋಲೂರಿಕೊಂಡು ಬಂದ.

"ಅವಸರ ಏನಿಲ್ಲಮ್ಮ. ನಂಗೆ ಎಪ್ಪತ್ತೆಂಟು. ಅದೊಂದು ನೆನಪಿರ್ಲಿ ಅಂತ ಬಂದೆ."

"ಈ ತಿಂಗಳೇ ಕೊಡ್ತೀನಿ," ಎಂದಳು ಪುಟ್ಟಿ.

ಮಾರನೆಯ ದಿನ ಸುರುಳಿ ಬಿಚ್ಚಿದಳು. ನೀರಿಗೆ ನಾಲ್ಕು ಬಗೆಯ ಹಸಿರು, ಹಕ್ಕಿಗೆ ಏಳು ಬಗೆಯ ಬೂದು ದಾರ ತೆಗೆದಿಟ್ಟಳು. ಸೂಜಿ ಹತ್ತಿರ ಬಂದಂತೆಲ್ಲ ದಾರಿಯಲ್ಲಿದ್ದ ಪಿನ್ನು ತೆಗೆಯಬೇಕು. ಒಂದೊಂದನ್ನೂ ಚುಚ್ಚಿ ಮುಚ್ಚಿದ್ದು ಅಕ್ಕನ ಬೆರಳು. ಪುಟ್ಟಿ ತೆಗೆದು ತಗಡಿನ ಡಬ್ಬಿಗೆ ಹಾಕಿದಳು, ಟಣ್ ಎಂದಿತು. ಇನ್ನೊಂದು ತೆಗೆದಳು. ಈಗ ಏನಾದರೂ ಆದೀತು ಎಂದು ತನ್ನನ್ನೇ ಕಾದು ನೋಡಿದಳು. ಏನೂ ಆಗಲಿಲ್ಲ. ಡಬ್ಬಿ ತುಂಬುತ್ತ ಬಂತು.

ಆರನೆಯ ದಿನ ಕೊಕ್ಕರೆಯ ಎದೆಯ ಗರಿ ಮುಗಿಸಿ ಕೌದಿ ಮಗುಚಿದಳು. ಅಸ್ತರಿನಲ್ಲಿ, ಹಕ್ಕಿಯ ಬೆನ್ನ ಹಿಂದೆಯೇ, ಎರಡು ಬೆರಳಗಲದ ಮಡಿಕೆ. ಮೊಳದುದ್ದ ಬಿದ್ದು, ಅದರ ಮೇಲೇ ಸಾವಿರ ಹೊಲಿಗೆ ಕೂತಿದ್ದವು. ಹಿಂಬದಿ ನೋಡುವ ಅಭ್ಯಾಸ ಪುಟ್ಟಿಗಿರಲಿಲ್ಲ. ಅಕ್ಕ ಹಾಸಿದ ಅಸ್ತರನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಎದುರು ಸಾಲಿನಲ್ಲಿ ಗಡಿಯಾರ ರಿಪೇರಿ ಮಾಡುವ ಭಾವನನ್ನು ಕರೆದಳು. ಅಕ್ಕನ ಗಂಡ, ಅವನೂ ಈ ನಾಲ್ಕು ತಿಂಗಳು ಗಡಿಯಾರದೊಳಗೆ ತಲೆಯಿಟ್ಟುಕೊಂಡೇ ಇದ್ದವನು.

"ಭಾವ, ಇಲ್ನೋಡಿ. ಅಕ್ಕನ ಕೈಯಲ್ಲಿ ಮಡಿಕೆ ಬೀಳತ್ತಾ?"

ಅವನು ಮಡಿಕೆಯ ಮೇಲೆ ಹೆಬ್ಬೆರಳಾಡಿಸಿದ.

"ಆಗ ಅವಳ ಕೈ ನಡುಗ್ತಿತ್ತು ಪುಟ್ಟಿ. ನೆಲಕ್ಕೆ ಕೂತ್ರೆ ಏಳೋಕೆ ಆಗ್ತಿರ್ಲಿಲ್ಲ. ನೀನು ಊಟಕ್ಕೆ ಮನೆಗೆ ಹೋದಾಗ ನಾನು ಬಂದು ಎಬ್ಬಿಸ್ತಿದ್ದೆ."

"ಯಾವಾಗಿಂದ?"

"ಹೋಗೋಕೆ ಏಳು ತಿಂಗಳ ಮುಂಚೆನೇ ಡಾಕ್ಟರು ಹೇಳಿದ್ರು."

"ನಂಗೆ ಹೇಳಿದ್ದು ಮೂರು ವಾರ ಮುಂಚೆ."

"ಆಣೆ ಹಾಕಿಸ್ಕೊಂಡಿದ್ಲು. ಪುಟ್ಟಿಗೆ ಗೊತ್ತಾದ್ರೆ ಮೆಷಿನ್ನು ಮುಟ್ಟಲ್ಲ, ನನ್ನ ಮುಖ ನೋಡ್ಕೊಂಡು ಕೂತಿರ್ತಾಳೆ ಅಂದ್ಲು."

"ಕೂತಿದ್ರೆ ಏನಾಗ್ತಿತ್ತು?"

ಭಾವ ಕೌದಿಯ ಅಂಚು ಮಡಚಿದ, ಬಿಚ್ಚಿದ. ಪುಟ್ಟಿಗೆ ಅವನನ್ನು ಕೆಣಕುವ ಮನಸ್ಸಿರಲಿಲ್ಲ. ಸಿಟ್ಟು ಬರಬೇಕಾದ ಜಾಗ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಅಲ್ಲಿ ಮುಟ್ಟಿ ನೋಡಿದರೆ ಮರದ ತುಂಡು ಮುಟ್ಟಿದಂತಿತ್ತು.

"ಇರ್ಲಿ ಬಿಡು. ಹಿಂದುಗಡೆ ಯಾರು ನೋಡ್ತಾರೆ?" ಎಂದ ಭಾವ.

"ಹೊದ್ದುಕೊಳ್ಳೋರ ಮೈಗೆ ತಾಗೋದು ಹಿಂದುಗಡೆನೇ," ಎಂದು ಪುಟ್ಟಿ ಹೊಲಿಗೆ ಬಿಚ್ಚುವ ಕೊಕ್ಕೆ ಕೈಗೆತ್ತಿಕೊಂಡಳು.

ಆರು ದಿನದ ಕೆಲಸ ಬಿಚ್ಚಲು ಒಂಬತ್ತು ದಿನ ಹಿಡಿಯಿತು. ಭಾವ ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲೆಳೆದು ಬಂದು, ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಎದುರು ಕೂರುತ್ತಿದ್ದ. ಬೂದು ನೂಲಿನ ಚೂರುಗಳು ಇಬ್ಬರ ಬಟ್ಟೆಗೂ ಬೆಕ್ಕಿನ ಕೂದಲಂತೆ ಅಂಟುತ್ತಿದ್ದವು.

"ಕೊಕ್ಕರೆ ಸಾಕಿದ ಹಾಗಾಯ್ತು," ಎಂದ ಅವನೊಮ್ಮೆ. "ಗಡಿಯಾರ ಆಗಿದ್ರೆ ಇಷ್ಟೊತ್ತಿಗೆ ಬಿಚ್ಚಿ, ಜೋಡ್ಸಿ, ಮತ್ತೆ ಕೆಡಿಸಿರ್ತಿದ್ದೆ."

ಪುಟ್ಟಿ ನಕ್ಕಳು. ನಗು ತುಟಿಯ ಮೇಲೆ ಬಂದದ್ದು ಅವಳಿಗೇ ಆಮೇಲೆ ತಿಳಿಯಿತು.

ಮೂರು ಪದರವೂ ಬೇರೆಯಾದ ಮೇಲೆ ಸೂಜಿಯ ತೂತುಗಳ ಮೇಲೆ ನೀರು ಚಿಮುಕಿಸಿ, ಉಗುರಿನಲ್ಲಿ ಉಜ್ಜಿ ಮುಚ್ಚಿದಳು. ಈಗ ನೆಲಕ್ಕೆ ಹಾಸಬೇಕು. ಇಪ್ಪತ್ಮೂರು ವರ್ಷದಲ್ಲಿ ಆ ಕೆಲಸಕ್ಕೆ ಅವಳು ಕೈ ಹಾಕಿರಲೇ ಇಲ್ಲ. ಅಸ್ತರನ್ನು ಎಳೆದು ನಾಲ್ಕು ಅಂಚಿಗೂ ಅಂಟುಪಟ್ಟಿ ಹಾಕಿದಳು. ಒಂದು ಮೂಲೆ ಸರಿಮಾಡಿದರೆ ಇನ್ನೊಂದು ಮುದುರುತ್ತಿತ್ತು. ಹತ್ತಿ ಹರಡಿ, ಮೇಲ್ಬಟ್ಟೆ ಹಾಕಿ, ಮೊಣಕಾಲೂರಿ ನಡುವಿನಿಂದ ಪಿನ್ನು ಚುಚ್ಚುತ್ತ ಹೊರಟಳು. ಅರ್ಧ ಆಗುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಏಳಲು ನೋಡಿದರೆ ಆಗಲಿಲ್ಲ. ಭಾವ ಇರಲಿಲ್ಲ. ಹಾಗೆಯೇ ಕೌದಿಯ ಮೇಲೆ ಪಕ್ಕಕ್ಕೆ ಒರಗಿದಳು. ಹತ್ತಿಯನ್ನು ದಾಟಿ ನೆಲದ ತಂಪು ಕಿವಿಗೆ ತಾಗಿತು.

ಕಾಯಿಲೆ ಬೀಳದ ತನಗೇ ಹೀಗಾದರೆ, ಅವಳು ಹೇಗೆ ಕೂತಿದ್ದಳು ಇಲ್ಲಿ?

"ನನ್ನನ್ನ ಒಂದು ಸಲ ಕೂಗೋಕೆ ಏನಾಗಿತ್ತೇ ನಿಂಗೆ?" ಎಂದಳು ಗಟ್ಟಿಯಾಗಿ. ಖಾಲಿ ಕೋಣೆಯಲ್ಲಿ ತನ್ನ ದನಿ ಕೇಳಿ ಬೆಚ್ಚಿದಳು. "ಕೈ ಹಿಡ್ಕೊಂಡು ಎಬ್ಬಿಸೋಕೂ ಬರಲ್ವಾ ನಂಗೆ? ಅಷ್ಟೊಂದು ದಡ್ಡಿನಾ ನಾನು?"

ಅಷ್ಟು ಹೇಳಿ ಮುಗಿದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಬಡಿತವೂ ತಗ್ಗಿತು. ಗೋಡೆ ಹಿಡಿದು ಎದ್ದು, ನೀರು ಕುಡಿದು, ಉಳಿದ ಅರ್ಧಕ್ಕೆ ಪಿನ್ನು ಹಾಕಿದಳು. ಮಗುಚಿ ಅಸ್ತರು ನೋಡಿದಳು. ಒಂದು ಮೂಲೆಯಲ್ಲಿ ಚಿಕ್ಕ ಸುಕ್ಕು. ಅದನ್ನೂ ಬಿಚ್ಚಿ ಸರಿಮಾಡಿದಳು.

ಎರಡನೆಯ ಸಲ ಕೊಕ್ಕರೆ ಬೇರೆಯಾಗಿಯೇ ಬಂತು. ಕುತ್ತಿಗೆ ಸ್ವಲ್ಪ ಒಳಕ್ಕೆಳೆದುಕೊಂಡಿತ್ತು, ಬೂದು ಬಣ್ಣದಲ್ಲಿ ಕಪ್ಪು ಹೆಚ್ಚಾಗಿತ್ತು. ಹೇಳಿದ ತಿಂಗಳು ಮುಗಿದು ಎರಡು ವಾರವಾಗಿತ್ತು. ಅಂಬಿಗ ಬಂದು ಮೇಜಿನ ಮೇಲೆ ಹರಡಿಸಿ, ಕನ್ನಡಕ ಏರಿಸಿ ಇಳಿಸಿ ನೋಡಿದ.

"ಇದು ಮೀನು ಸಿಗದ ದಿನದ ಮುಖ," ಎಂದ. "ಹೆಚ್ಚಿನ ದಿನ ಹೀಗೇ ಇರೋದು ಅದು."

ಹಿಂಬದಿಯನ್ನು ಅವನು ತಿರುಗಿಸಿಯೂ ನೋಡಲಿಲ್ಲ. ಸುಡು ಮಧ್ಯಾಹ್ನ, ಆದರೂ ಕೌದಿಯನ್ನು ಹೆಗಲ ಮೇಲೆ ಹೊದ್ದುಕೊಂಡೇ, ಬೆನ್ನ ಮೇಲೆ ಕೊಕ್ಕರೆ ಹೊತ್ತು, ಬೀದಿಯವರೆಲ್ಲ ತಿರುಗಿ ನೋಡುತ್ತಿದ್ದಂತೆ ಹೊರಟುಹೋದ.

ಈಗ ಪುಟ್ಟಿ ತಿಂಗಳಿಗೊಂದೇ ಕೌದಿ ಒಪ್ಪಿಕೊಳ್ಳುತ್ತಾಳೆ. ಹಾಸುವ ದಿನ ಭಾವ ಬಂದು ಎದುರಿನ ತುದಿ ಎಳೆದು ಹಿಡಿಯುತ್ತಾನೆ. ಎಳೆತ ಹೆಚ್ಚಾಯಿತೆಂದು ಬೈಸಿಕೊಳ್ಳುತ್ತಾನೆ. ಅಕ್ಕನ ಮಾತು ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ. ಪುಟ್ಟಿ ಅತ್ತಳೇ ಎಂದು ಕೇಳಿದರೆ, ಇನ್ನೂ ಇಲ್ಲ. ಮುಂದಿನ ಕೌದಿಗೆ ನೀಲಿ ಅಸ್ತರು ತೊಳೆದು ಒಣಹಾಕಿದ್ದಾಳೆ.