ಅಜ್ಜಿಯ ಮೈನಸ್ ಘಾತ

ಅಜ್ಜಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮಕ್ಕಳು ಬೆನ್ನ ಹಿಂದೆ ಅವಳನ್ನು ‘ಘಾತದ ಟೀಚರ್’ ಅನ್ನುತ್ತಿದ್ದರು. ಸಂಖ್ಯೆಯ ತಲೆಯ ಪಕ್ಕ ಪುಟ್ಟದಾಗಿ ಕೂರುವ ಘಾತವನ್ನು ಅವಳಷ್ಟು ಚೆನ್ನಾಗಿ ಯಾರೂ ಕಲಿಸುತ್ತಿರಲಿಲ್ಲ ಎನ್ನುವುದು ಅದಕ್ಕೆ ಒಂದು ಕಾರಣ. ಕಲಿಯದವರ ತಲೆಯ ಮೇಲೆ ಬೀಳುತ್ತಿದ್ದ ಘಾತ ಇನ್ನೊಂದು. ನಿವೃತ್ತಿಯ ನಂತರ ಮೊಟಕಲು ತಲೆಗಳೇ ಸಿಗದೆ ಅವಳ ಕೈ ತುರಿಸುತ್ತಿತ್ತು.

ಅವಳಿದ್ದದ್ದು ಎರಡಂತಸ್ತಿನ ಮನೆಯ ಮೇಲಂತಸ್ತಿನಲ್ಲಿ, ಹಿರಿಮಗ ಮತ್ತು ಹಿರಿಸೊಸೆಯ ಜೊತೆ. ಹಿರಿಮಗ ಲಾರಿ ಓಡಿಸುವವನು. ಅವನನ್ನು ಮನೆಯಲ್ಲಿ ಕಂಡವರಿಗಿಂತ ರಸ್ತೆಯಲ್ಲಿ ಕಂಡವರೇ ಹೆಚ್ಚು. ಹೀಗಾಗಿ ಅತ್ತೆ ಸೊಸೆ ಇಬ್ಬರ ಪಾಲಿಗೆ ಇಡೀ ಮನೆ ಮತ್ತು ಇಡೀ ಜಗಳ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ ಸಂಜೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಶುರು: ಕಿಟಕಿ ಯಾಕೆ ತೆರೆದಿದೆ, ಪಾತ್ರೆ ಯಾಕೆ ಬೋರಲು ಹಾಕಿಲ್ಲ, ಹಾಲಿನ ಮೇಲೆ ತಟ್ಟೆ ಮುಚ್ಚಲು ಯಾರ ಅಪ್ಪಣೆ ಬೇಕಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಆ ಮನೆಯಲ್ಲಿ ಎರಡು ಕಾಲವೂ ಒಟ್ಟಿಗೇ ನಡೆಯುತ್ತಿದ್ದವು.

ಕೆಳಗಿನ ಮನೆಯಲ್ಲಿ ಕಿರಿಮಗ, ಕಿರಿಸೊಸೆ, ಅವರ ಮಗಳು. ಅಲ್ಲಿ ಗಲಾಟೆಯ ಸುಳಿವೇ ಇಲ್ಲ. ಅಲ್ಲಿಗೆ ಹೋಗಿ ನೆಮ್ಮದಿಯಾಗಿರಬೇಕೆಂದು ಅಜ್ಜಿಗೆ ಆಸೆ. ಆದರೆ ಕಿರಿಮಗ ತಾಯಿಯ ತರಗತಿಯಲ್ಲೇ ಕೂತು ಗಣಿತದಲ್ಲಿ ಫೇಲಾದವನು. ಫೇಲು ಮಾಡಿದವಳೂ ತಾಯಿಯೇ. ಅಜ್ಜಿ ಕೆಳಗೆ ಬಂದು ಇರುವ ಮಾತೆತ್ತಿದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು. ಮೇಲೂ ಬೇಡದ, ಕೆಳಗೂ ಬೇಡದ ಮುದುಕಿ ಆಗಿಬಿಟ್ಟೆನಾ ಎಂದು ಅಜ್ಜಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಅದನ್ನು ಯಾರೆದುರೂ ಬಾಯಿಬಿಡಲಿಲ್ಲ.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ: ಮೊಮ್ಮಗಳು ಬೀಜಗಣಿತದಲ್ಲಿ ಡುಮ್ಕಿ ಹೊಡೆದಳು. ಮೆಟ್ಟಿಲಿಳಿಯುವಾಗ ಒಳಗೊಳಗೇ ಕುಣಿಯುತ್ತಿದ್ದ ಅಜ್ಜಿ ಬಾಗಿಲು ದಾಟುವಷ್ಟರಲ್ಲಿ ಸಂಕಟದ ಮುಖ ಮಾಡಿಕೊಂಡಳು. ಕಲಿಸುತ್ತೇನೆ, ಆದರೆ ಇಲ್ಲೇ ಇದ್ದು ಕಲಿಸುತ್ತೇನೆ ಎಂದಳು. ಮಗ ಕೆಮ್ಮಿದ. ಮೇಲೆ ಅತ್ತಿಗೆಯ ಜೊತೆ ಆಡುವ ಜಗಳ ಕೆಳಗೂ ಇಳಿದು ಬಂದರೆ ಗತಿಯೇನು ಎಂದು ಸುತ್ತಿ ಬಳಸಿ ಕೇಳಿದ. ಅಜ್ಜಿ ಒಂದು ಹಾಳೆ ಎಳೆದುಕೊಂಡು, ನಡುವೆ ಭಿನ್ನರಾಶಿಗೆ ಹಾಕುವಂಥ ಅಡ್ಡಗೆರೆ ಹಾಕಿದಳು.

“ಇದು ನಮ್ಮನೆ ಅನ್ಕೋ. ಗೆರೆ ಮೇಲೆ ಮೈನಸ್ ಘಾತ ಇಟ್ಕೊಂಡು ಕೂತಿರೋರು ಕೆಳಗಿಳಿದ್ರೆ ಏನಾಗ್ತಾರೆ?”

“ಪ್ಲಸ್,” ಎಂದಳು ಮೊಮ್ಮಗಳು. ಅಷ್ಟು ಮಾತ್ರ ಅವಳಿಗೆ ಗೊತ್ತಿತ್ತು.

“ನಾನು ಹೇಳ್ತಿಲ್ಲಪ್ಪ. ಗಣಿತ ಹೇಳ್ತಿದೆ.”

ಗಣಿತದ ಎದುರು ಒಮ್ಮೆ ಸೋತಿದ್ದ ಮಗ ಒಪ್ಪಿಬಿಟ್ಟ. ಅಜ್ಜಿಯ ಹಾಸಿಗೆ ಸುತ್ತಿ ಕೆಳಗೆ ತಂದಿಟ್ಟವಳು ಹಿರಿಸೊಸೆಯೇ. ಒಂದು ಮಾತೂ ಆಡದೆ ಮೇಲೆ ಹೋದಳು. ಪೀಡೆ ತೊಲಗಿತು ಅಂದುಕೊಂಡಿರಬೇಕು ಎಂದು ಅಜ್ಜಿ ತನ್ನಷ್ಟಕ್ಕೆ ಲೆಕ್ಕ ಹಾಕಿದಳು.

ಪಾಠ ಶುರುವಾಯಿತು. ವರ್ಗಮೂಲದ ಚಿಹ್ನೆ ಅಂದರೆ ಒಂದು ಸೂರು, ಅದರಡಿ ಜೋಡಿ ಸಿಕ್ಕವರಿಗೆ ಮಾತ್ರ ಹೊರಗೆ ಹೋಗಲು ಬಿಡುಗಡೆ ಎಂದಳು ಅಜ್ಜಿ. ಹನ್ನೆರಡನ್ನು ಒಡೆದರೆ ಎರಡು, ಎರಡು, ಮೂರು. ಎರಡಕ್ಕೆ ಎರಡು ಜೋಡಿಯಾಗಿ ಹೊರಗೆ ಬರುತ್ತದೆ, ಒಂಟಿ ಮೂರು ಸೂರಿನಡಿಯೇ ಉಳಿಯುತ್ತದೆ. ಜೋಡಿ ಹೊರಟರೂ ಹೊರಗೆ ಕಾಣುವುದು ಒಂದೇ ಎರಡು, ಅದ್ಯಾಕೆ ಎಂದು ಮೊಮ್ಮಗಳು ಕೇಳಿದಳು.

“ಮದುವೆ ಆದ್ಮೇಲೆ ನಿಮ್ಮಪ್ಪನ ದನಿ ಎಲ್ಲಾದ್ರೂ ಕೇಳಿಸಿದ್ಯಾ?”

ಅಡುಗೆಮನೆಯಲ್ಲಿ ಕಿರಿಸೊಸೆ ಕಿಸಕ್ಕೆಂದಳು. ಮಗ ಕೆಮ್ಮಿದ. ಮೊಮ್ಮಗಳು ಮಾತ್ರ ಆವತ್ತಿನಿಂದ ವರ್ಗಮೂಲದಲ್ಲಿ ತಪ್ಪಲಿಲ್ಲ.

ಅಜ್ಜಿಯೂ ಕೊಟ್ಟ ಮಾತಿನಂತೆ ಪ್ಲಸ್ಸಾಗಿಯೇ ಇದ್ದಳು. ಇರದೆ ಏನು ಮಾಡಿಯಾಳು? ಕಿಟಕಿ ಯಾಕೆ ತೆರೆದಿದೆ ಎಂದರೆ ಕಿರಿಸೊಸೆ ಓಡಿ ಬಂದು ಮುಚ್ಚುತ್ತಿದ್ದಳು. ಸೆಖೆ ಎಂದರೆ ಅಷ್ಟೇ ಬೇಗ ತೆರೆಯುತ್ತಿದ್ದಳು. ಏನು ಹೇಳಿದರೂ ‘ಹೂಂ ಅತ್ತೆ’. ಅಜ್ಜಿ ಬೇಕೆಂದೇ ಕಾಲು ಕೆರೆದು ನೋಡಿದಳು. ಎರಡು ಕೈ ಸೇರದೆ ಚಪ್ಪಾಳೆಯಾಗುತ್ತದೆಯೇ? ಆಸೆಪಟ್ಟು ಪಡೆದ ನೆಮ್ಮದಿ ಅಜ್ಜಿಗೆ ಬೇಸರ ತರಿಸಿತು. ಇವರೆಲ್ಲ ನನ್ನನ್ನು ನೆಂಟರ ಹಾಗೆ ನೋಡಿಕೊಳ್ಳುತ್ತಿದ್ದಾರೆ ಅನ್ನಿಸಿ ದುಃಖವೂ ಆಯಿತು.

ಒಂದು ಸಂಜೆ ಮೊಮ್ಮಗಳಿಗೆ ಹೊಸ ಲೆಕ್ಕ ಕೊಟ್ಟಳು. ಗೆರೆಯ ಮೇಲೆ ಎ ಮತ್ತು ಬಿ, ಎರಡಕ್ಕೂ ಮೈನಸ್ ಘಾತ, ಕೆಳಗೆ ಸಿ. ಹುಡುಗಿ ಎರಡನ್ನೂ ಸರಸರ ಕೆಳಗಿಳಿಸಿ ಪ್ಲಸ್ ಮಾಡಿ ಸಿಯ ಪಕ್ಕ ಕೂರಿಸಿದಳು. ಖಾಲಿಯಾದ ಮೇಲ್ಭಾಗದಲ್ಲಿ ದೊಡ್ಡದೊಂದು ಸೊನ್ನೆ ಬರೆದು ಹಾಳೆಯನ್ನು ಅಜ್ಜಿಯ ಮುಂದೆ ತಳ್ಳಿದಳು.

“ಎಲ್ಲಾ ಕೆಳಗೆ ಬಂತು ಅಂತ ಮೇಲೆ ಸೊನ್ನೆ ಆಗಲ್ಲ ಕಣೇ,” ಎಂದಳು ಅಜ್ಜಿ. “ಅಲ್ಲಿ ಒಂದು ಇದ್ದೇ ಇರತ್ತೆ. ಬೇರೆಯವ್ರು ಜೊತೆಗಿದ್ದಾಗ ಅದು ನಮ್ಮ ಕಣ್ಣಿಗೆ ಬೀಳಲ್ಲ, ಅಷ್ಟೆ.”

ಮೊಮ್ಮಗಳು ಸೊನ್ನೆ ಅಳಿಸಿ ಒಂದು ಬರೆದಳು. ಆಮೇಲೆ ಪೆನ್ಸಿಲ್ ಕಚ್ಚುತ್ತಾ ಚಾವಣಿಯ ಕಡೆ ನೋಡಿ, “ದೊಡ್ಡಮ್ಮನ ಥರಾನಾ?” ಎಂದಳು.

ಹುಡುಗಿ ತಮಾಷೆಗೆ ಅಂದದ್ದು. ಅಜ್ಜಿ ಮಾತ್ರ ತಲೆಯೆತ್ತಿ ಕಿವಿಗೊಟ್ಟಳು. ಮೇಲಿನಿಂದ ಒಬ್ಬರೇ ಅಡುಗೆಮನೆಗೂ ಕೋಣೆಗೂ ನಡೆದಾಡುವ ಸದ್ದು ಬರುತ್ತಿತ್ತು. ಹಾಸಿಗೆ ತಂದಿಟ್ಟ ದಿನ ಆ ಬಾಯಾಳಿ ಯಾಕೆ ಬಾಯಿ ಬಿಡಲಿಲ್ಲ ಎನ್ನುವುದು ಘಾತದ ಟೀಚರಿಗೆ ಆಗ ಹೊಳೆಯಿತು. ತಾನು ಹಾಕಿದ ಲೆಕ್ಕವೇ ತಪ್ಪಾಗಿತ್ತು. ಈಗಲೇ ಬಂದೆ ಎಂದು ಎದ್ದವಳು ಮೆಟ್ಟಿಲು ಹತ್ತಿ ಹೋಗಿ, ಇಷ್ಟು ದಿನದ ಮೇಲೆ ಒಳಗೆ ನುಗ್ಗುವುದು ಹೇಗೆಂದು ಅಳುಕಿ ಮೆಲ್ಲಗೆ ಬಾಗಿಲು ತಟ್ಟಿದಳು.

ಬಾಗಿಲು ತೆರೆದ ಹಿರಿಸೊಸೆ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಕಣ್ಣು ಕೆಂಪಾಗಿತ್ತು.

“ಇದ್ಯಾರ ಮನೆ ಅಂತ ಬಾಗಿಲು ತಟ್ತಿದ್ದೀರಿ, ಅತ್ತೆ?” ಎಂದು ಗದರಿದಳು.