ಬಿಂದುಮಾಧವರ ಕೊನೆಯ ಆರ್ಡರ್

ನಮ್ಮ ಯಜಮಾನರು ಹೋದ ಮೇಲೂ ಷೇರು ಮಾರುವುದನ್ನು ಬಿಡಲಿಲ್ಲ. ಹೀಗೆಂದರೆ ಜನ ನನ್ನ ಮುಖವನ್ನೇ ನೋಡುತ್ತಾರೆ, ಪಾಪ, ಶಾರದಮ್ಮನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ನನಗೇನು! ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿ, ಸಿದ್ಧಾರ್ಥನಗರದ ನಮ್ಮ ಮನೆ ಬಿಕೋ ಎನ್ನುತ್ತಿದ್ದ ಒಂದು ಬೆಳಿಗ್ಗೆ ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದೆ. ಕಿಟಕಿಯ ಪಕ್ಕ ಅವರ ಕುರ್ಚಿ, ಕುರ್ಚಿಯ ಮೇಲೆ ಅವರ ಫೋನು. ಯಾಕೋ ಅದನ್ನು ದಿನಾ ಚಾರ್ಜಿಗೆ ಹಾಕುವುದನ್ನು ನಾನು ಬಿಟ್ಟಿರಲಿಲ್ಲ. ಅದು ಟಣ್ ಎಂದು ಗಂಟೆ ಹೊಡೆಯಿತು.

ಆ ಗಂಟೆ ನನಗೆ ಗೊತ್ತಿಲ್ಲದ್ದೇ? ಏನಾದರೂ ಕೊಂಡಾಗ ಅಥವಾ ಮಾರಿದಾಗ ಮಾತ್ರ ಹೊಡೆಯುವಂತೆ ಅವರೇ ಇಟ್ಟುಕೊಂಡಿದ್ದು. ಅವರು ರಿಟೈರ್ ಆದಾಗಿನಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಗಂಟೆ ಹೊಡೆದ ತಕ್ಷಣ ಅವರು ಗಂಟಲು ಸರಿಮಾಡಿಕೊಂಡು, "ಕಾಫಿ ಆಯ್ತೇನೇ?" ಎನ್ನುತ್ತಿದ್ದರು. ಅವತ್ತು ಗಂಟೆ ಹೊಡೆಯಿತು, ನಾನು ಕೈಯಲ್ಲಿ ಹುರುಳಿಕಾಯಿ ಹಿಡಿದುಕೊಂಡು ಆ ಕೆಮ್ಮಿಗಾಗಿ ಕಾದೆ. ಬರಲಿಲ್ಲ. ಎದ್ದು ಹೋಗಿ ನೋಡಿದರೆ ಫೋನಿನ ತೆರೆಯ ಮೇಲೆ ಬೆಳಕು. 'ನಮಸ್ಕಾರ ಬಿಂದುಮಾಧವ, ನಿಮ್ಮ ಷೇರು ಮಾರಾಟವಾಗಿದೆ.'

ನನ್ನ ಮಗ ಅಭಿನವ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟು ಮಾಡುತ್ತಾನೆ. ಅವನು ಬಸ್ಸಿಳಿದು ಬರುವವರೆಗೂ ನಾನು ಆ ಕುರ್ಚಿಯ ಕಡೆ ಹೋಗಲಿಲ್ಲ. ಬಂದವನು ಫೋನು ನೋಡಿ ನಿಟ್ಟುಸಿರು ಬಿಟ್ಟ.

"ದೆವ್ವನೂ ಇಲ್ಲ ಭೂತನೂ ಇಲ್ಲ ಕಣಮ್ಮ. ಅಪ್ಪ ಮೊದಲೇ ಆರ್ಡರ್ ಹಾಕಿಟ್ಟಿದ್ದಾರೆ. ಇಷ್ಟು ಬೆಲೆ ಬಂದ್ರೆ ಲಾಭಕ್ಕೆ ಮಾರು, ಇಷ್ಟಕ್ಕಿಂತ ಕೆಳಗಿಳಿದ್ರೆ ನಷ್ಟ ಆದ್ರೂ ಮಾರು, ಅಂತ. ಅವರು ಇರಲಿ ಬಿಡಲಿ, ಆ ಬೆಲೆ ಬಂದ ದಿನ ಅದೇ ಮಾರ್ಕೊಳ್ಳುತ್ತೆ."

ಅವರ ವ್ಯಾಪಾರವೇ ಹಾಗೆ. ಇವತ್ತು ಕೊಂಡದ್ದನ್ನು ವಾರದಲ್ಲೋ ತಿಂಗಳಲ್ಲೋ ಮಾರಿಬಿಡಬೇಕು, ತರಕಾರಿಯವರ ಹಾಗೆ, ಬಾಡುವುದಕ್ಕೆ ಬಿಡಬಾರದು. ಕೊಂಡ ನಿಮಿಷದಲ್ಲೇ ಮಾರುವ ಎರಡು ಬೆಲೆಯನ್ನೂ, ಮೇಲಿನದು ಒಂದು, ಕೆಳಗಿನದು ಒಂದು, ಗೆರೆ ಎಳೆದ ಹಾಗೆ ಹಾಕಿಟ್ಟು ಏಳುತ್ತಿದ್ದರು. ಹಾಕಿದ ಮೇಲೆ ಬ್ರಹ್ಮ ಬಂದರೂ ಬದಲಾಯಿಸುತ್ತಿರಲಿಲ್ಲ. ಜಿಪುಣ, ಹಟಮಾರಿ, ಆದರೆ ಆ ವಿಷಯದಲ್ಲಿ ಮಾತ್ರ ನೇಮಸ್ಥ.

"ಇನ್ನೂ ಎಷ್ಟಿವೆಯೋ ಇಂಥವು?" ಎಂದೆ.

"ಏಳೆಂಟಿರಬಹುದು. ಇರಲಿ ಬಿಡು, ಮುಂದಿನ ವಾರ ಅಪ್ಪನ ಡೆತ್ ಸರ್ಟಿಫಿಕೇಟ್ ತಗೊಂಡು ಆ ಷೇರು ಆಫೀಸಿಗೆ ಹೋಗ್ತೀನಿ. ತಿಳಿಸಿದ ತಕ್ಷಣ ಅಕೌಂಟ್ ನಿಲ್ಲಿಸ್ತಾರೆ. ಇಟ್ಟಿರೋ ಆರ್ಡರೆಲ್ಲ ರದ್ದಾಗುತ್ತೆ, ಉಳಿದ ಷೇರು ನಿನ್ನ ಹೆಸರಿಗೆ ಬರುತ್ತೆ."

"ಹಾಗಾದ್ರೆ ಈ ಗಂಟೆ?"

"ಅದೂ ನಿಂತುಹೋಗುತ್ತೆ."

ಬೇಡ ಎಂದೆ. ವರ್ಷಾಂತಿಕ ಮುಗಿಯಲಿ, ಆಮೇಲೆ ನೋಡೋಣ ಎಂದೆ. ಅವನು ಏನೇನೋ ಕಾನೂನು ಹೇಳಿದ, ನಾನು ತಟ್ಟೆ ಹಾಕಿ ಊಟಕ್ಕೆ ಕರೆದೆ. ನನಗೆ ಆ ಷೇರಿನ ದುಡ್ಡು ಬೇಕಿರಲಿಲ್ಲ. ಪೆನ್ಷನ್ ಇದೆ, ಮಗ ದುಡಿಯುತ್ತಾನೆ. ನನಗೆ ಬೇಕಾಗಿದ್ದದ್ದು ಅವರು. ಬೂದಿಯಾಗಿ ಕಾವೇರಿಗೆ ಹೋದ ಮನುಷ್ಯ ಅಷ್ಟರಮಟ್ಟಿಗಾದರೂ ನನ್ನ ಮನೆಯಲ್ಲಿ ಇನ್ನೂ ಏನೋ ಮಾಡುತ್ತಿದ್ದಾರೆ. ಅದನ್ನು ನಿಲ್ಲಿಸುವುದಕ್ಕೆ ನಾನೇ ಅರ್ಜಿ ಕೊಡಬೇಕೇ? ಚೆನ್ನಾಗಿದೆ!

ಅಲ್ಲಿಂದ ಮುಂದೆ ನನ್ನ ದಿನವೇ ಬದಲಾಯಿತು. ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆಯುವ ಹೊತ್ತಿಗೆ ಕಾಫಿ ಲೋಟ ಕುರ್ಚಿಯ ಪಕ್ಕ ಇಡುತ್ತಿದ್ದೆ. ಮಧ್ಯಾಹ್ನ ಅದು ಮುಚ್ಚುವವರೆಗೂ ಟಿವಿ ಹಾಕುತ್ತಿರಲಿಲ್ಲ. ಹಾಡುಹಗಲು, ಬೀದಿಯಲ್ಲಿ ಸೊಪ್ಪಿನವಳ ಕೂಗು, ಎದುರುಮನೆಯ ಮಿಕ್ಸಿ ಸದ್ದು. ಅದರ ನಡುವೆಯೇ ಕುರ್ಚಿಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಬೆನ್ನು ತಿರುಗಿಸಿ ಒಗ್ಗರಣೆ ಹಾಕುವಾಗ ಆ ಕಡೆಯಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸಿ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಹೆದರಿಕೆ ಆಗುತ್ತಿತ್ತು, ನಿಜ. ಆದರೆ ಆ ಹೆದರಿಕೆ ಹೋದರೆ ಏನು ಗತಿ ಎನ್ನುವುದೇ ಅದಕ್ಕಿಂತ ದೊಡ್ಡ ಹೆದರಿಕೆ.

ಆಮೇಲೆ ಮಾತು ಶುರುವಾಯಿತು. ಉದಯಗಿರಿಯಲ್ಲಿ ಗ್ಯಾರೇಜು ಇಟ್ಟಿರುವ ಮಹದೇವು ನಮ್ಮ ಯಜಮಾನರ ಸ್ಕೂಟರನ್ನು ಕೇಳಿಕೊಂಡು ಬಂದಿದ್ದ. "ನಿಂತು ನಿಂತು ತುಕ್ಕು ಹಿಡ್ದೋಯ್ತದೆ, ಕೊಟ್ಬುಡಿ ಅಮ್ಮಾವ್ರೇ" ಎಂದ. ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಒಳಗೆ ಬಂದು ಕುರ್ಚಿಗೆ ಕೇಳಿದೆ: "ಏನ್ರೀ, ಕೊಡಲಾ?" ದೇವರಾಣೆ ಹೇಳುತ್ತೇನೆ, ಟಣ್ ಎಂದಿತು. ಯಾವುದೋ ಸಿಮೆಂಟಿನ ಷೇರು ಮಾರಾಟವಾಗಿತ್ತು. ನಾನು ಕಣ್ಣೊರೆಸಿಕೊಂಡು ಹೋಗಿ ಮಹದೇವುಗೆ ಕೀ ಕೊಟ್ಟೆ. ಆಮೇಲಾಮೇಲೆ ಎಲ್ಲದಕ್ಕೂ ಕೇಳತೊಡಗಿದೆ. ಅಭಿನವನಿಗೆ ಬಂದ ಜಾತಕ ಹೊಂದುತ್ತದೆಯೇ, ಹಿತ್ತಲ ಗೋಡೆ ಕಟ್ಟಿಸಬೇಕೇ, ನನ್ನ ಮೇಲೆ ಕೋಪವೇ. ಕೋಪವೇ ಎಂದು ಕೇಳಿದ ದಿನ ಗಂಟೆ ಹೊಡೆಯಲಿಲ್ಲ, ಅದಕ್ಕೆ ಅವತ್ತು ಪಾಯಸ ಮಾಡಿದೆ.

ಅಷ್ಟರಲ್ಲಿ ಒಂದು ದಿನ ಷೇರು ಆಫೀಸಿನಿಂದಲೇ ಫೋನು ಬಂತು. ಸಿಂಚನ ಅಂತ ಹೆಸರು, ಎಳೆಯ ದನಿ.

"ಬಿಂದುಮಾಧವ ಸಾರ್ ಇದ್ದಾರಾ ಮೇಡಂ? ಅವರ ಅಕೌಂಟಿನ ಬಗ್ಗೆ ಒಂದು ಮಾತಾಡ್ಬೇಕಿತ್ತು."

"ಸ್ನಾನಕ್ಕೆ ಹೋಗಿದ್ದಾರೆ" ಎಂದೆ.

ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ತಾನಾಗಿ ಬಂತು. ಫೋನು ಇಟ್ಟ ಮೇಲೆ ಬಚ್ಚಲ ಬಾಗಿಲ ಕಡೆ ನೋಡುತ್ತಾ ನಿಂತೆ. ಯಾಕೆಂದರೆ ಅದು ಸುಳ್ಳಲ್ಲ. ಜ್ಯೇಷ್ಠ ಮಾಸದ ಆ ಬೆಳಿಗ್ಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಬಂದೆ ಇರೇ" ಎಂದು ಸ್ನಾನಕ್ಕೆ ಹೋದವರು ಈಚೆಗೆ ಬರಲೇ ಇಲ್ಲ. ಅಭಿನವ ಬಾಗಿಲು ಒಡೆದು ಎತ್ತಿಕೊಂಡು ಬಂದ. ಅದಾದ ಮೇಲೆ ಸಿಂಚನ ಎಷ್ಟು ಸಲ ಫೋನು ಮಾಡಿದಳೋ ಅಷ್ಟು ಸಲವೂ ನಾನು ಅದನ್ನೇ ಹೇಳಿದೆ. ಹೇಳಿದಾಗಲೆಲ್ಲ ಬಚ್ಚಲಿನ ಕಡೆಯಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಹೋಗಿ ನೋಡಿದರೆ ನೆಲ ಒಣಗಿರುತ್ತಿತ್ತು.

ಬೇಸಗೆಯಲ್ಲಿ ಅವರು ಕೊಂಡಿದ್ದ ಷೇರುಗಳು ಒಂದೊಂದಾಗಿ ಮಾರಾಟವಾದವು, ಕೆಲವು ಲಾಭಕ್ಕೆ, ಕೆಲವು ನಷ್ಟಕ್ಕೆ. ಗಂಟೆ ಹೊಡೆದಾಗಲೆಲ್ಲ ನನಗೆ ಸಂತೋಷ, ಹೊಡೆದಾಗಲೆಲ್ಲ ಸಂಕಟ. ನವರಾತ್ರಿ ಬರುವ ಹೊತ್ತಿಗೆ ಒಂದೇ ಒಂದು ಉಳಿಯಿತು, ಪಂಪುಸೆಟ್ಟು ಮಾಡುವ ಒಂದು ಸಣ್ಣ ಕಂಪನಿ. ಅದಕ್ಕೆ ಅವರು ಎಳೆದಿದ್ದ ಕೆಳಗಿನ ಗೆರೆ ಮುನ್ನೂರು ರೂಪಾಯಿ. ನವರಾತ್ರಿಯ ಮೊದಲ ದಿನ ಬೆಲೆ ಮುನ್ನೂರ ಎರಡಕ್ಕೆ ಬಂದು ನಿಂತಿತು.

ಹಬ್ಬವಿಲ್ಲದ ವರ್ಷ. ಬೊಂಬೆಗಳೆಲ್ಲ ಅಟ್ಟದ ಮೇಲೇ ಇದ್ದವು. ಊರೆಲ್ಲ ಹಬ್ಬದ ಸಡಗರ, ನಮ್ಮ ಮನೆಯಲ್ಲಿ ನಾನೊಬ್ಬಳೇ ಫೋನು ಹಿಡಿದುಕೊಂಡು ಕೂತಿದ್ದೆ. ಮುನ್ನೂರ ಒಂದೂವರೆ. ಇನ್ನು ಒಂದೂವರೆ ರೂಪಾಯಿ ಇಳಿದರೆ ಗಂಟೆ ಹೊಡೆಯುತ್ತದೆ, ಆಮೇಲೆ ಇನ್ನೆಂದೂ ಹೊಡೆಯುವುದಿಲ್ಲ. "ಬೇಡ್ರೀ, ಹೋಗ್ಬೇಡಿ" ಎಂದು ಗಟ್ಟಿಯಾಗಿಯೇ ಅತ್ತೆ. ಪಿನ್ನು ನನಗೆ ಗೊತ್ತಿತ್ತು, ಬಾಯಲ್ಲಿ ಹೇಳಿಕೊಂಡೇ ಒತ್ತುತ್ತಿದ್ದ ಮನುಷ್ಯ. ಅವರು ಮಾಡುತ್ತಿದ್ದದ್ದನ್ನು ಪಕ್ಕದಲ್ಲಿ ನಿಂತು ನೋಡಿದ್ದೆ. 'ಬದಲಾಯಿಸು' ಎಂದಿದ್ದ ಕಡೆ ಒತ್ತಿ, ಮುನ್ನೂರನ್ನು ಇನ್ನೂರ ಎಂಬತ್ತು ಮಾಡಿದೆ. ಸ್ವಲ್ಪ ಹೊತ್ತಿಗೆ ಬೆಲೆ ಮುನ್ನೂರರ ಕೆಳಗೆ ಇಳಿಯಿತು. ಗಂಟೆ ಹೊಡೆಯಲಿಲ್ಲ. ಅಬ್ಬ! ಅವರು ಉಳಿದರು. ಎದುರುಮನೆಯ ವಾಣಿ ಕಳಿಸಿದ್ದ ಹುಳಿಯನ್ನವನ್ನು ಅವತ್ತು ಎರಡು ಸಲ ಹಾಕಿಕೊಂಡು ಉಂಡೆ. ಅವರು ಹೋದ ಮೇಲೆ ಹೊಟ್ಟೆತುಂಬ ಉಂಡದ್ದು ಅದೇ ಮೊದಲು.

ಆದರೆ ಹಾಳಾದ ಷೇರು ನಿಲ್ಲಬೇಕಲ್ಲ! ಇನ್ನೂರ ಎಂಬತ್ತರ ಹತ್ತಿರ ಬಂತು, ಗೆರೆಯನ್ನು ಇನ್ನೂರ ಅರವತ್ತಕ್ಕೆ ಇಳಿಸಿದೆ. ಅಲ್ಲಿಗೂ ಬಂತು, ಇನ್ನೂರ ನಲವತ್ತು. ಅದು ಬೆನ್ನಟ್ಟಿಕೊಂಡು ಬರುತ್ತಿತ್ತು, ನಾನು ಅವರನ್ನು ಎಳೆದುಕೊಂಡು ಇಳಿಯುತ್ತಿದ್ದೆ. ಮನೆಯೂ ಯಾಕೋ ಬೇರೆಯಾಯಿತು. ಮೊದಲು ಕುರ್ಚಿಯಲ್ಲಿ ಇದ್ದಾರೆ ಅನ್ನಿಸಿದಾಗ ಹೆದರಿಕೆಯಲ್ಲೂ ಒಂದು ನೆಮ್ಮದಿ ಇತ್ತು. ಈಗ ಅಲ್ಲಿ ಇದ್ದದ್ದು ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಕಾಫಿ ಕೆನೆಗಟ್ಟುತ್ತಿತ್ತು. ಬಾಯಿ ಕಟ್ಟಿದವರು ಯಾರೋ ಕೂತು ಬರೀ ನೋಡುತ್ತಿದ್ದಾರೆ ಅನ್ನಿಸಿ ಆ ಕೋಣೆಗೆ ಹೋಗುವುದಕ್ಕೇ ಕಾಲು ಏಳುತ್ತಿರಲಿಲ್ಲ.

ಕಾರ್ತಿಕದಲ್ಲಿ ಮಾಸಿಕದ ದಿನ. ಅಭಿನವ ರಜಾ ಹಾಕಿ, ಪಂಚೆ ಉಟ್ಟು, ನಡುಮನೆಯಲ್ಲಿ ತಂದೆಯ ಕೆಲಸಕ್ಕೆ ಕೂತಿದ್ದ. ಪುರೋಹಿತರು ಮಂತ್ರ ಹೇಳಿಸುತ್ತಿದ್ದರು. ಯಜಮಾನರ ಫೋನು ರಿಂಗಾಯಿತು, ನಾನು ಓಡಿಹೋಗಿ ಎತ್ತಿದೆ. ಸಿಂಚನ.

"ಸಾರ್ ಇದ್ದಾರಾ ಮೇಡಂ? ಆ ಪಂಪಿನ ಷೇರಿನ ಆರ್ಡರನ್ನ ಸಾರ್ ಮೇಲಿಂದ ಮೇಲೆ ಇಳಿಸ್ತಾ ಇದ್ದಾರೆ. ಸಾರ್ ಹಿಂಗೆ ಮಾಡೋರೇ ಅಲ್ಲ, ಅದಕ್ಕೇ ಒಂದ್ಸಲ ಕೇಳೋಣ ಅಂತ."

ಹಿಂದಿನಿಂದ ಪುರೋಹಿತರ ದನಿ: "ಬಿಂದುಮಾಧವ ಶರ್ಮಣಃ..."

"ಓ, ಸಾರ್ ಹೆಸರೇ ಕೇಳಿಸ್ತಿದೆ. ಪೂಜೆಗೆ ಕೂತಿದ್ದಾರಾ? ಆಗ್ಲಿ ಮೇಡಂ, ಅವರು ಎದ್ದ ಮೇಲೆ ನನಗೊಂದು ಫೋನ್ ಮಾಡೋಕೆ ಹೇಳ್ಬಿಡಿ."

"ಹೇಳ್ತೀನಮ್ಮ" ಎಂದೆ. ತಿರುಗಿ ನೋಡಿದರೆ ಅಭಿನವ ಎಳ್ಳು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

ಅವನು ಬ್ರಾಹ್ಮಣರಿಗೆ ಊಟ ಹಾಕಿಸಿ, ದಕ್ಷಿಣೆ ಕೊಟ್ಟು ಕಳಿಸಿದ. ಆಮೇಲೆ ಫೋನು ಕೇಳಿದ. ಕೊಡಲಿಲ್ಲ. "ಮುಟ್ಟಬೇಡ ಕಣೋ! ಅದರಲ್ಲಿ ನಿಮ್ಮಪ್ಪಂದು ಒಂದೇ ಒಂದು ಉಳಿದಿದೆ, ಅದನ್ನೂ ಕಿತ್ಕೋಬೇಡ" ಎಂದು ಕೂಗಾಡಿದೆ. ಹೇಳಬಾರದ್ದನ್ನೆಲ್ಲ ಹೇಳಿದೆ. ಅವನು ಬೈಯಲಿಲ್ಲ. ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ನನ್ನ ಕೈಯಲ್ಲಿದ್ದ ಹಾಗೇ ಫೋನನ್ನು ತೆರೆಸಿ, ಆರ್ಡರುಗಳ ಪುಟಕ್ಕೆ ಹೋದ. ಮೇಲೆ ಕೆಳಗೆ ಸರಿಸಿ ನೋಡಿದ.

"ಅಮ್ಮ, ಇದು ಅಪ್ಪನ ಆರ್ಡರ್ ಅಲ್ಲ."

"ಮತ್ತೆ ಯಾರದ್ದೋ? ನಾನು ಸ್ವಲ್ಪ ಕೆಳಗೆ ಜರುಗಿಸಿದ್ದೀನಿ ಅಷ್ಟೇ."

"ಇದರಲ್ಲಿ ಜರುಗಿಸೋದು ಅಂತ ಇಲ್ಲಮ್ಮ. ಬದಲಾಯಿಸು ಅಂತ ಒತ್ತಿದ್ರೆ ಹಳೇದು ರದ್ದಾಗುತ್ತೆ, ಹೊಸದೊಂದು ಹುಟ್ಟುತ್ತೆ. ಅಪ್ಪ ಹಾಕಿದ್ದು ಇಲ್ಲಿದೆ ನೋಡು."

ರದ್ದಾದವುಗಳ ಸಾಲಿನಲ್ಲಿ ಮಾಸಲು ಬೂದು ಬಣ್ಣದಲ್ಲಿ ಇತ್ತು. ಪಂಪಿನ ಕಂಪನಿ, ಮುನ್ನೂರು ರೂಪಾಯಿ. ಅದರ ಕೆಳಗೆ, ಗ್ರಾಹಕರೇ ರದ್ದು ಮಾಡಿದ್ದಾರೆ ಎಂದು, ನವರಾತ್ರಿಯ ಮೊದಲ ದಿನದ ತಾರೀಕು. ಮೇಲೆ ಇದ್ದವೆಲ್ಲ ನನ್ನವು.

ನಾನು ಅದನ್ನು ಎಷ್ಟು ಸಲ ಓದಿದೆನೋ. ನಾನು ಕೈ ಹಾಕದಿದ್ದರೆ, ನವರಾತ್ರಿಯ ಆ ದಿನ ಬೆಲೆ ಮುನ್ನೂರಕ್ಕೆ ಇಳಿದಾಗ ಅವರು ತಮ್ಮ ನೇಮದ ಪ್ರಕಾರ ಗಂಟೆ ಹೊಡೆದು, ವ್ಯವಹಾರ ಮುಗಿಸಿ ಎದ್ದು ಹೋಗುತ್ತಿದ್ದರು. ಆ ಕೊನೆಯ ಗಂಟೆ ನನಗೆ ಬರಬೇಕಾಗಿತ್ತು. ನಾನೇ ಅದನ್ನು ಅಳಿಸಿ, ಅವರನ್ನು ಉಳಿಸಿಕೊಂಡೆ ಎಂದು ಎರಡು ಸಲ ಹಾಕಿಕೊಂಡು ಉಂಡಿದ್ದೆ. ಆಮೇಲೆ ಇಷ್ಟು ದಿನ ಕಾದದ್ದು, ಕಾಫಿ ಇಟ್ಟದ್ದು, ಹೆದರಿದ್ದು, ಎಲ್ಲ ಗುಂಡಿ ಒತ್ತಿದ ನನ್ನದೇ ಹೆಬ್ಬೆರಳಿಗೆ. ಮಗನ ತೋಳು ಹಿಡಿದುಕೊಂಡು ಅತ್ತೆ. ಅವರು ಸತ್ತ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಮಾರುಕಟ್ಟೆ ಇನ್ನೂ ಮುಚ್ಚಿರಲಿಲ್ಲ. ಅಭಿನವ, "ನಾನು ಮಾತಾಡ್ತೀನಿ ಬಿಡಮ್ಮ" ಎಂದ. ಬೇಡ ಎಂದು ನಾನೇ ಸಿಂಚನಳ ನಂಬರಿಗೆ ಫೋನು ಮಾಡಿದೆ.

"ಹೇಳಿ ಮೇಡಂ, ಸಾರ್ ಪೂಜೆ ಆಯ್ತಾ?"

"ಅವರು ತೀರಿಕೊಂಡಿದ್ದಾರಮ್ಮ" ಎಂದೆ. "ಜ್ಯೇಷ್ಠದಲ್ಲೇ."

ಆ ಹುಡುಗಿ ದನಿ ತಗ್ಗಿಸಿ ಕೇಳಿದಳು, ಹೆದರಿದವಳ ಹಾಗೆ. "ಮತ್ತೆ ಇಷ್ಟು ದಿನ... ಆ ಆರ್ಡರೆಲ್ಲ ಹಾಕ್ತಿದ್ದೋರು ಯಾರು ಮೇಡಂ?"

"ನಾನೇ ಕಣಮ್ಮ" ಎಂದೆ. "ಬೇರೆ ಯಾರೂ ಇರಲಿಲ್ಲ."